ಬಳ್ಳಾರಿ ಬಿಸಿಲಲ್ಲಿ ಇ-ಆಟೋ ಬ್ಯಾಟರಿಯ ಕರೆಂಟು, ಕಾವು ನಾವು ಅಳೆಯುವುದು ಹೀಗೆ

ಬೇಸಿಗೆಯಲ್ಲಿ ಬಳ್ಳಾರಿ 40 ಡಿಗ್ರಿ ದಾಟುವುದು ಮಾಮೂಲು. ಜೀನ್ಸ್ ಬಂಡಲ್ ಹೊರುವ ಎಲೆಕ್ಟ್ರಿಕ್ ಗೂಡ್ಸ್ ಆಟೋಗಳಿಗೆ ಕಂಪನಿಯ ಚೀಟಿಯಲ್ಲಿ ಬರೆದಷ್ಟು ಕಿಲೋಮೀಟರ್ ಯಾಕೆ ಸಿಗುವುದಿಲ್ಲ ಎಂದು ತಿಳಿಯಲು ನಮ್ಮ ಕಾಲೇಜಿನ ಸಂಶೋಧನಾ ತಂಡ ಗಾಡಿಗೇ ಲಾಗರ್ (ಅಳತೆಗಳನ್ನು ಬರೆದಿಡುವ ಸಾಧನ) ಕೂರಿಸುತ್ತದೆ. ಲ್ಯಾಬಿನ ಎಸಿ ಕೋಣೆಯಲ್ಲಿ ಪರೀಕ್ಷೆ ಮಾಡಿದರೆ ಈ ಊರಿನ ಉತ್ತರ ಸಿಗುವುದಿಲ್ಲ.

ನಾವು ಅಳೆಯುವ ಪ್ಯಾಕು ಲಿಥಿಯಂ ಐರನ್ ಫಾಸ್ಫೇಟಿನದು. 3.2 ವೋಲ್ಟಿನ 16 ಸೆಲ್ಲು ಸಾಲಾಗಿ ಸೇರಿ 51.2 ವೋಲ್ಟು, ಪೂರ್ತಿ ಚಾರ್ಜಾದಾಗ 58.4. ಲಾಗರ್ ಸುಟ್ಟುಹೋಗುವುದು ಹೆಚ್ಚಾಗಿ ಇದರಿಂದಲೇ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಲ್‌ಎಂ2596 ಕನ್ವರ್ಟರ್ ತಡೆಯುವುದು 40 ವೋಲ್ಟು ಮಾತ್ರ. ಲಾಗರಿಗೆ ಬೇಕಾದ 5 ವೋಲ್ಟಿಗೆ ಇಳಿಸಲು 100 ವೋಲ್ಟ್ ತಾಳುವ ಕನ್ವರ್ಟರ್ ಹಾಕಿ, ಬ್ಯಾಟರಿಯ ಪಕ್ಕದಲ್ಲೇ 1 ಆಂಪಿಯರ್ ಫ್ಯೂಸ್ ಕೊಡಿ. ಕಾರಿನ ಬ್ಲೇಡ್ ಫ್ಯೂಸು 32 ವೋಲ್ಟಿನದು, ಇಲ್ಲಿಗೆ ಸಲ್ಲದು.

ಕರೆಂಟಿಗೆ 200 ಆಂಪಿಯರ್, 75 ಮಿಲಿವೋಲ್ಟಿನ ಶಂಟ್, ಅಂದರೆ ಹರಿಯುವ ಕರೆಂಟಿಗೆ ತಕ್ಕಷ್ಟು ಸಣ್ಣ ವೋಲ್ಟ್ ತೋರಿಸುವ ಲೋಹದ ತುಂಡು. ಅದರ ಸಣ್ಣ ಸ್ಕ್ರೂಗಳಿಂದ ಬರುವ ಜೋಡಿ ವೈರನ್ನು ಹುರಿಮಾಡಿ, ವೋಲ್ಟನ್ನು ಅಂಕಿಯಾಗಿ ಓದುವ ಎಡಿಎಸ್1115 ಚಿಪ್ಪಿಗೆ ಕೊಟ್ಟು, ರೇಂಜನ್ನು 0.256 ವೋಲ್ಟಿಗೆ ಇಟ್ಟರೆ ಸುಮಾರು 21 ಮಿಲಿಆಂಪಿಯರಿನ ವ್ಯತ್ಯಾಸವೂ ಕಾಣುತ್ತದೆ. ಪ್ಯಾಕಿನ ನೆಗೆಟಿವ್‌ನಿಂದ ಹೊರಟ ವೈರು ಮೊದಲು ಶಂಟಿಗೇ ಬರಬೇಕು. ಮೋಟರ್ ಕಂಟ್ರೋಲರ್, ಚಾರ್ಜರ್, ಲೈಟು, ಎಲ್ಲದರ ನೆಗೆಟಿವ್ ಅದರ ಆಚೆ ಬದಿಗೆ. ಚಾರ್ಜರಿನದು ಬ್ಯಾಟರಿ ಬದಿಯಲ್ಲೇ ಉಳಿದರೆ ಹೊರಹೋದದ್ದು ದಾಖಲಾಗುತ್ತದೆ, ಒಳಬಂದದ್ದು ಮಾತ್ರ ಸೊನ್ನೆ.

ಕಾವಿಗೆ 10 ಕಿಲೋಓಮಿನ ನಾಲ್ಕು ಥರ್ಮಿಸ್ಟರ್ (ಕಾವಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್): 8 ಮತ್ತು 9ನೇ ಸೆಲ್ಲಿನ ನಡುವೆ ಒಂದು, ಕೊನೆಯ ಸೆಲ್ಲಿನ ಹೊರಮೈಗೆ ಒಂದು, ಮುಚ್ಚಳದ ಒಳಗೊಂದು, ಸೀಟಿನ ಕೆಳಗೆ ನೆರಳಲ್ಲಿ ಒಂದು. ಇವಕ್ಕೆ ಎರಡನೇ ಎಡಿಎಸ್1115 ಬೇಕು. ಅದರ ಅಡ್ರೆಸ್ ಪಿನ್ನನ್ನು ಚಿಪ್ಪಿನ ವಿಡಿಡಿಗೆ (ಪವರ್ ಪಿನ್ನಿಗೆ) ಕಟ್ಟಿದರೆ ಮೊದಲಿನದರ ಜೊತೆ ಜಗಳವಿಲ್ಲ. ಸೆನ್ಸರನ್ನು ಟರ್ಮಿನಲ್ಲಿಗೆ ಅಂಟಿಸಬೇಡಿ. ಅಲ್ಲಿ ಸಿಗುವುದು ಸೆಲ್ಲಿನ ಕಾವಲ್ಲ, ಸಡಿಲ ನಟ್ಟಿನ ಕಾವು.

ಆ ನಟ್ಟನ್ನು ಹಿಡಿಯಲು ಮಲ್ಟಿಮೀಟರೇ ಸಾಕು. ಉಂಗುರ, ಗಡಿಯಾರ ತೆಗೆದಿಟ್ಟು, ಚಾರ್ಜರ್ 20 ಆಂಪಿಯರ್ ಕೊಡುತ್ತಿರುವಾಗ ಮೀಟರಿನ ಒಂದು ಪ್ರೋಬ್ ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿಯಾದ ಬಸ್‌ಬಾರಿಗೆ, ಇನ್ನೊಂದು ಟರ್ಮಿನಲ್ಲಿಗೆ ಇಡಿ. ಒಳ್ಳೆಯ ಜಾಯಿಂಟು ಒಂದೆರಡು ಮಿಲಿವೋಲ್ಟ್ ತೋರಿಸುತ್ತದೆ. 20 ತೋರಿಸಿದರೆ ಅಲ್ಲಿ 1 ಮಿಲಿಓಮ್ ಕೂತಿದೆ ಎಂದರ್ಥ. ಏರಿನಲ್ಲಿ ಮೋಟರು 80 ಆಂಪಿಯರ್ ಎಳೆದಾಗ ಆ ಒಂದೇ ಜಾಗದಲ್ಲಿ 6.4 ವ್ಯಾಟ್ ಕಾವು ಹುಟ್ಟುತ್ತದೆ. ಬಿಗಿಯುವಾಗ ಸೆಲ್ ತಯಾರಕರು ಕೊಟ್ಟ ಟಾರ್ಕನ್ನು ಮೀರಬಾರದು, ಟರ್ಮಿನಲ್ಲಿನ ಅಲ್ಯುಮಿನಿಯಂ ಥ್ರೆಡ್ಡು ಕಿತ್ತು ಬರುತ್ತದೆ.

ದೂರಕ್ಕೆ ಜಿಪಿಎಸ್ ಸಾಕು. ನಿಂತ ಗಾಡಿಯೂ ಅದರಲ್ಲಿ ಅಲೆದಾಡುವುದರಿಂದ ಗಂಟೆಗೆ 3 ಕಿಮೀಗಿಂತ ಕಡಿಮೆ ವೇಗವನ್ನು ಬಿಟ್ಟುಬಿಡುತ್ತೇವೆ. ಸೆಕೆಂಡಿಗೊಮ್ಮೆ ವೋಲ್ಟು, ಆಂಪಿಯರ್ ಗುಣಿಸಿ, ಕೂಡಿಸಿ, 3600ರಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. ಅದನ್ನು ದೂರದಿಂದ ಭಾಗಿಸಿದರೆ ಕಿಲೋಮೀಟರಿಗೆ ಎಷ್ಟು ಖರ್ಚು ಎಂದು ತಿಳಿಯುತ್ತದೆ.

ಇಷ್ಟರಲ್ಲಿ ನಾವು ಮೊದಲು ತೆರೆದು ನೋಡುವುದು ನಡುವಿನ ಸೆನ್ಸರಿನ ಸಾಲನ್ನು. "ಊಟದ ಹೊತ್ತಿಗೆ ಒಂದೀಟು ಚಾರ್ಜಿಗೆ ಹಾಕಿದ್ರೆ ಸಂಜಿಗಂಟ ಓಡ್ತೈತ್ರಿ ಸಾರ್" ಎನ್ನುವುದು ಚಾಲಕರ ಲೆಕ್ಕ, ದುಡಿಮೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಈ ಸೆಲ್ಲುಗಳಿಗೆ ಚಾರ್ಜಿನ ಮಿತಿ ಸಾಮಾನ್ಯವಾಗಿ 45 ಡಿಗ್ರಿ. ಓಡಿ ಬಂದ ಪ್ಯಾಕು ತಣಿಯುವಾಗ ಅಂಚಿನ ಸೆಲ್ಲು ಮೊದಲು ತಣಿಯುತ್ತದೆ, ನಡುವಿನದು ಕಾವು ಬಿಡಲು ತಡಮಾಡುತ್ತದೆ. ಹೊರಗಿನ ಹವೆ ನೋಡಿ ಪ್ಲಗ್ ಹಾಕಬಾರದು. ನೆರಳಿಗೆ ನಿಲ್ಲಿಸಿ, ನಡುವಿನ ಸೆನ್ಸರ್ 40ಕ್ಕೆ ಇಳಿದ ಮೇಲೆ ಹಾಕಬೇಕು. ತೋರಣಗಲ್ಲು, ಸಂಡೂರು ಕಡೆ ಓಡುವ ಗಾಡಿಯಾದರೆ ಚಾರ್ಜರಿನ ಫ್ಯಾನಿಗೆ ಕಟ್ಟಿದ ಅದಿರಿನ ಕೆಂಪು ದೂಳನ್ನು ಬ್ರಷ್ಷಿನಿಂದ ತೆಗೆಯುತ್ತಿರಬೇಕು.

ಮಧ್ಯಾಹ್ನದ ತುಂಡು ಚಾರ್ಜಿಗೆ ಇನ್ನೊಂದು ತೊಡಕಿದೆ. ಈ ಸೆಲ್ಲಿನ ವೋಲ್ಟೇಜು ನಡುವಿನ ಭಾಗದಲ್ಲಿ ಬಹುತೇಕ ಸಮತಟ್ಟು. ಡ್ಯಾಶ್‌ಬೋರ್ಡಿನ ವೋಲ್ಟ್ ನೋಡಿ ಎಷ್ಟು ಉಳಿದಿದೆ ಎನ್ನಲಾಗದು. ಸೆಲ್ಲುಗಳ ಹೆಚ್ಚುಕಡಿಮೆ ಸರಿಹೋಗುವುದೂ ಚಾರ್ಜಿನ ಕೊನೆಯಲ್ಲೇ. ಮುಂದೆ ಹೋದ ಸೆಲ್ಲಿನಿಂದ ಬಿಎಂಎಸ್ (ಪ್ಯಾಕಿನ ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) 100 ಮಿಲಿಆಂಪಿಯರ್ ಸುಡುತ್ತದೆ ಎಂದುಕೊಂಡರೆ 5 ಆಂಪಿಯರ್-ಅವರ್ ಅಂತರ ಮುಚ್ಚಲು 50 ತಾಸು ಬೇಕು. ಅದಕ್ಕೆ ವಾರಕ್ಕೊಮ್ಮೆ ರಾತ್ರಿ ಪೂರ್ತಿ ಚಾರ್ಜು ಮಾಡಿಸಿ, 100 ಆಂಪಿಯರ್-ಅವರ್ ಪ್ಯಾಕಿನಲ್ಲಿ ಕರೆಂಟು 5 ಆಂಪಿಯರಿಗೆ ಇಳಿದ ಮೇಲೂ ಒಂದೆರಡು ತಾಸು ಪ್ಲಗ್ ಹಾಗೇ ಬಿಡಿಸುತ್ತೇವೆ. ಲಾಗರಿನ ಲೆಕ್ಕವನ್ನು ಶೇಕಡಾ 100ಕ್ಕೆ ತಿದ್ದಿಕೊಳ್ಳುವುದೂ ಆಗಲೇ.