ಸ್ಕೋಪ್ ಅಲುಗಾಟ ನಿಂತದ್ದು ಹೀಗೆ

ಖಾನಾಪುರದ ಹೊಲಕ್ಕೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ 12 ಬೋರಿನ ಪಂಪ್ ಬಂದೂಕು ನಮ್ಮದು. ಮೊದಲು ಸ್ಕೋಪಿಗೆ, ಅಂದರೆ ಗುರಿ ನೋಡುವ ದುರ್ಬೀನಿಗೆ, ಸ್ಯಾಡಲ್ ಮೌಂಟ್ ಹಾಕಿದ್ದೆ; ಅದು ಬಂದೂಕಿನ ಮೇಲೆ ಜೀನಿನಂತೆ ಕೂತು ಸ್ಕೋಪ್ ಹೊರುವ ಚೌಕಟ್ಟು. ರಂಧ್ರ ಕೊರೆಯುವುದು ಬೇಡ, ಟ್ರಿಗರ್ ಪಿನ್ನಿನ ಜಾಗದಲ್ಲೇ ಕೂರುತ್ತದೆ, ಅದೇ ಆಸೆ. ಆದರೆ ನಾಲ್ಕೈದು ಗುಂಡು ಹಾರಿಸಿದರೆ ಸಾಕು, ಗುರಿ ಸರಿಯುತ್ತಿತ್ತು. ತಪ್ಪು ನನ್ನ ಕೈಯದೇ ಅಂತ ಎರಡು ವಾರ ಕೊರಗಿದೆ.

‘ಸ್ಕೋಪ್ ಹಿಡಿದು ಅಲುಗಾಡಿಸಿ ನೋಡೋ ತಮ್ಮಾ’ ಅಂದರು ಕಾಕಾ. ಬಂದೂಕು ಖಾಲಿ ಮಾಡಿ ನೋಡಿದರೆ ಮೌಂಟೇ ಸಡಿಲ! ಒದೆತಕ್ಕೆ ಸ್ಕ್ರೂ ಬಿಚ್ಚಿಕೊಳ್ಳುತ್ತಿತ್ತು.

ಲೈಸೆನ್ಸ್ ಇರುವ ಮಿಸ್ತ್ರಿಯ ಕೈಯಲ್ಲೇ ರಿಸೀವರಿಗೆ (ನಳಿಕೆಯ ಹಿಂದಿನ ಲೋಹದ ಒಡಲು) ನಾಲ್ಕು ರಂಧ್ರ ಕೊರೆಸಿ, ರೇಲ್ ಅಂದರೆ ಸ್ಕೋಪ್ ಕೂರುವ ಪಟ್ಟಿ ಕೂರಿಸಿದೆ. ಸ್ಕ್ರೂಗಳ ಎಣ್ಣೆ ಒರೆಸಿ, ಸ್ಕ್ರೂ ಸಡಿಲಾಗದಂತೆ ಹಿಡಿಯುವ ನೀಲಿ ಅಂಟು, ಥ್ರೆಡ್‌ಲಾಕರ್, ಹಚ್ಚಿದರು. ಸ್ಕೋಪನ್ನು ರೇಲಿಗೆ ಹಿಡಿಯುವ ರಿಂಗು ಗಿಡ್ಡನೆಯವು, ಗುರಿ ನೋಡುವಾಗ ಕೆನ್ನೆ ಬಂದೂಕಿನ ಹಿಡಿಕೆಗೆ ತಾಗಬೇಕಲ್ಲ. ಹುಬ್ಬಿಗೆ ಪೆಟ್ಟಾಗದಂತೆ ಸ್ಕೋಪನ್ನು ಕಣ್ಣಿನಿಂದ ಸಾಕಷ್ಟು ಮುಂದಿಟ್ಟೆವು. ಈಗ ಗುರಿ ಕದಲುತ್ತಿಲ್ಲ.