ಮೊಮ್ಮಕ್ಕಳನ್ನು ಸಾಕುವ ಅಜ್ಜಿಗೆ ಹೆಗಲು ಕೊಡುವುದು ಹೇಗೆ?

ಕ್ಷಯ, ಎಚ್‌ಐವಿ, ಕ್ಯಾನ್ಸರ್, ಕೋವಿಡ್ ಹೀಗೆ ಕಾಯಿಲೆ ಯಾವುದೇ ಇರಲಿ, ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರೆ ಎಷ್ಟೋ ಮಕ್ಕಳು ಬಂದು ಸೇರುವುದು ಅಜ್ಜಿಯ ಮನೆಗೆ. ತಿಥಿಯವರೆಗೆ ಅಕ್ಕಿಬೇಳೆ ತಂದುಕೊಡುವವರು ಇರುತ್ತಾರೆ. ಆಮೇಲೆ ಕಚೇರಿಗೆ ಜೊತೆಯಲ್ಲಿ ಹೋಗುವವರು ಬೇಕು. ನೆರೆಯವರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಯಾರಾದರೂ ಸರಿ.

ಮೊದಲ ಕೆಲಸವಾಗಿ, ತೀರಿಹೋದವರ ಪಾಸ್‌ಬುಕ್ ತೆಗೆದು, ಎಂಟ್ರಿ ಮಾಡಿಸಿ, ಸಾಲು ಸಾಲು ಓದಿ. ಮೇ ತಿಂಗಳ ಕೊನೆಯಲ್ಲಿ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು ಆಗಿರುವ ಸಾಧ್ಯತೆ ಹೆಚ್ಚು. ವಿಮೆ ಚಾಲ್ತಿಯಲ್ಲಿದ್ದಾಗ ಕಾಯಿಲೆಯಿಂದ ಸತ್ತರೂ 2 ಲಕ್ಷ ರೂಪಾಯಿ ಬರುತ್ತದೆ. 20 ರೂಪಾಯಿಯ ಇನ್ನೊಂದು ಕಡಿತ ಅಪಘಾತ ವಿಮೆಯದು, ಇಲ್ಲಿ ಉಪಯೋಗಕ್ಕೆ ಬಾರದು. ಮರಣ ಪ್ರಮಾಣಪತ್ರ ಹಿಡಿದು ಆ ಬ್ಯಾಂಕಿಗೇ ಬೇಗ ಹೋಗಿ. ಯಾರೂ ಕೇಳದ ಹಣವನ್ನು ಯಾರೂ ಮನೆಗೆ ತಂದುಕೊಡುವುದಿಲ್ಲ.

ಮಕ್ಕಳ ಹೆಸರನ್ನು ಅಜ್ಜಿಯ ಪಡಿತರ ಚೀಟಿಗೆ ಸೇರಿಸಿ.

ಮುಂದಿನದು ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ, ಅಂದರೆ ಮಗುವಿನ ಪಾಲನೆಗೆ ಕೊಡುವ ಮಾಸಿಕ ನೆರವು. ಬಂಧುಗಳ ಮನೆಯಲ್ಲಿ ಬೆಳೆಯುವ ಅನಾಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000, ಉಳಿದೆಡೆ 96,000 ರೂಪಾಯಿ ಮೀರಿರಬಾರದು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಪಡೆದು, ತಂದೆ ತಾಯಿಯ ಮರಣ ಪ್ರಮಾಣಪತ್ರ, ಆಧಾರ್, ಶಾಲೆಯ ವ್ಯಾಸಂಗ ಪತ್ರಗಳನ್ನು ಜೋಡಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಪ್ರತಿ ಪತ್ರಕ್ಕೂ ನಾಲ್ಕಾರು ಜೆರಾಕ್ಸ್ ಇರಲಿ. ಮಂಡಿನೋವಿನ ಹೆಂಗಸನ್ನು ಒಂದು ಪ್ರತಿಗಾಗಿ ಮತ್ತೆ ಬಸ್ ಹತ್ತಿಸುವುದು ಅನ್ಯಾಯ.

ಮಗುವಿಗೆ ಎಚ್‌ಐವಿ ಇದ್ದರೆ ಮಾತ್ರೆಯ ಹೊತ್ತು ತಪ್ಪಬಾರದು. ಗಡಿಯಾರ ನೋಡಲು ಬಾರದ ಅಜ್ಜಿಗೆ ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಡಿ. ಕಾಯಿಲೆಯ ಸುದ್ದಿ ನಿಮ್ಮ ಬಾಯಿಂದ ಹೊರಬೀಳದಿರಲಿ. ಸೋಂಕಿನ ನೆಪದಲ್ಲಿ ಶಾಲೆಗೆ ಸೇರಿಸಿಕೊಳ್ಳದಿರುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಷಿದ್ಧ ಎಂಬುದನ್ನು ಮುಖ್ಯೋಪಾಧ್ಯಾಯರಿಗೆ ಧೈರ್ಯವಾಗಿ ಹೇಳಿ.

‘ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರ’ (ಬೊಜ್ಜ ಎಂದರೆ ಉತ್ತರಕ್ರಿಯೆ) ಎಂಬ ಗಾದೆಯನ್ನು ಆಕೆಯ ಮುಂದೆ ಯಾರೂ ಆಡದಂತೆ ನೋಡಿಕೊಳ್ಳಿ. ಮಕ್ಕಳನ್ನು ಹೂತು ಬಂದ ಕೈಯಿಂದಲೇ ಮೊಮ್ಮಕ್ಕಳಿಗೆ ತುತ್ತು ಕೊಡುತ್ತಿರುವವಳು ಆಕೆ.

ಕೊನೆಗೆ ಆಕೆಯ ಆರೋಗ್ಯ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ಮೊದಲೇ ತಂದುಕೊಡಿ. ನಾಳೆ ಆಕೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಮಕ್ಕಳು ಯಾರ ಮನೆಯಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದನ್ನು ಆಕೆಯ ಎದುರಲ್ಲೇ ಈಗಲೇ ಮಾತಾಡಿ ಗೊತ್ತುಮಾಡಿ; ಮಕ್ಕಳಿಗೂ ತಿಳಿಸಿ.