ಎರೆಮಣ್ಣಿನಡಿಯ ಶಿಲೆಯನ್ನು ಗುರುತಿಸುವುದು ಹೇಗೆ?

ಗದಗ ಸೀಮೆಯ ಕಪ್ಪತಗುಡ್ಡದಲ್ಲಿ ಬರಿಗಣ್ಣಿಗೆ ಕಾಣುವ, ಹಾಳೆಹಾಳೆಯಾಗಿ ಸೀಳುವ ಶಿಸ್ಟ್ ಶಿಲೆಯೂ ಕಬ್ಬಿಣದ ಪಟ್ಟೆಗಲ್ಲೂ ಗುಡ್ಡ ಇಳಿದು ಹೊಲ ಸೇರುತ್ತಿದ್ದಂತೆ ಎರೆಮಣ್ಣಿನಡಿ ಮರೆಯಾಗುತ್ತವೆ. ಭೂವಿಜ್ಞಾನಿ ಅಲ್ಲಿಯೂ ಶಿಲೆಗಳ ಗಡಿಯನ್ನು ನಕ್ಷೆಯಲ್ಲಿ ಎಳೆಯಲೇಬೇಕು. ಅದನ್ನು ಬರೀ ಊಹೆಗೆ ಬಿಡದಿರಲು ಎರಡು ಅಳತೆಗಳಿವೆ: ಗುರುತ್ವದ ಅಳತೆ ಶಿಲೆಯ ಸಾಂದ್ರತೆಯ ಸುಳಿವು ಕೊಟ್ಟರೆ, ಕಾಂತಕ್ಷೇತ್ರದ ಅಳತೆ ಮುಖ್ಯವಾಗಿ ಅದರಲ್ಲಿರುವ ಮ್ಯಾಗ್ನಟೈಟ್ ಎಂಬ ಕಾಂತೀಯ ಕಬ್ಬಿಣ ಖನಿಜದ ಸುಳಿವು ಕೊಡುತ್ತದೆ.

ಮೊದಲು ಕಲ್ಲಿನ ಚೂರುಗಳನ್ನು ಆಯ್ದು ತಂದು ಅವುಗಳ ಸಾಂದ್ರತೆ ಮತ್ತು ಕಾಂತ ಪ್ರವೃತ್ತಿಯನ್ನು, ಅಂದರೆ ಅವು ಎಷ್ಟು ಸುಲಭವಾಗಿ ಕಾಂತೀಕರಣಗೊಳ್ಳುತ್ತವೆ ಎಂಬುದನ್ನು, ಅಳೆಯಬೇಕು. ಈ ಕೆಲಸವನ್ನು ಬಿಟ್ಟುಬಿಡುವವರುಂಟು. ಆದರೆ ಪಟ್ಟಿಯ ಸುತ್ತಲಿನ ಗ್ನೈಸ್ ಶಿಲೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ, ರೂಪಾಂತರಗೊಂಡ ಬಸಾಲ್ಟಿನದು ಸುಮಾರು 2.9 ಗ್ರಾಂ ಎಂಬ ವ್ಯತ್ಯಾಸ ಕೈಯಲ್ಲಿಲ್ಲದೆ ಮುಂದಿನ ಯಾವ ನಕ್ಷೆಗೂ ಅರ್ಥವಿಲ್ಲ. ಈ 0.2ರ ಅಂತರವಿರುವ ಒಂದು ಕಿಲೋಮೀಟರ್ ದಪ್ಪದ ವಿಶಾಲ ಪದರವು ಗುರುತ್ವದಲ್ಲಿ ಸುಮಾರು 8 ಮಿಲಿಗ್ಯಾಲ್ (ಗುರುತ್ವವನ್ನು ಅಳೆಯುವ ಸಣ್ಣ ಮಾನ) ಏರಿಕೆ ತೋರುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ ಜಾಲತಾಣದಲ್ಲಿ ಈಗಾಗಲೇ ಲಭ್ಯವಿರುವ ದತ್ತಾಂಶವನ್ನು ಆ ಬಳಿಕ ನೋಡಿ. ಆದರೆ ಅಲ್ಲಿನ ಅಳತೆಯ ಠಾಣೆಗಳು ದೂರ ದೂರ ಇರುತ್ತವೆ. ಅಷ್ಟು ವಿರಳವಾದ ಅಳತೆ ಇಡೀ ಶಿಸ್ಟ್ ಪಟ್ಟಿಯ ಹರವನ್ನು ತಿಳಿಯಲು ಸಾಕು, ಚಿನ್ನದಂಥ ಅದಿರನ್ನು ಹುಡುಕಲು ಸಾಲದು. ಅದಕ್ಕೆ ಪಟ್ಟಿಯನ್ನು ಅಡ್ಡ ಹಾಯುವಂತೆ, ಅಂದರೆ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ, ಒತ್ತಾದ ಸಾಲುಗಳಲ್ಲಿ ಸ್ವತಃ ಅಳೆಯಬೇಕು.

ಗುರುತ್ವ ಅಳೆಯುವ ಗ್ರಾವಿಮೀಟರನ್ನು ಗಟ್ಟಿ ನೆಲದ ಮೇಲಿಟ್ಟು, ಗುಳ್ಳೆ ನಡುವೆ ನಿಲ್ಲುವವರೆಗೆ ಮಟ್ಟ ಮಾಡಿ. ಎರೆ ಹೊಲದಲ್ಲಿ ಮುಕ್ಕಾಲಿ ಮೆಲ್ಲಗೆ ಕುಸಿಯುವುದರಿಂದ ಅದರಡಿ ಚಪ್ಪಟೆ ಹಲಗೆ ಹಾಕುವುದು ಒಳ್ಳೆಯದು. ಉಪಕರಣದ ಅಂಕಿ ಹೊತ್ತು ಕಳೆದಂತೆ ತಾನಾಗಿ ಜರುಗುವುದನ್ನು ಕಳೆಯಲು ಎರಡು ಮೂರು ಗಂಟೆಗೊಮ್ಮೆ ಮೂಲ ಠಾಣೆಗೆ ಮರಳಿ ಅಳೆಯಬೇಕು. ನಂತರ ಅಕ್ಷಾಂಶ, ಎತ್ತರ ಮತ್ತು ಸುತ್ತಲಿನ ಗುಡ್ಡಗಳ ಪ್ರಭಾವವನ್ನು ಕಳೆದರೆ ನೆಲದಡಿಯ ಸಾಂದ್ರತೆಯ ವ್ಯತ್ಯಾಸವನ್ನು ತೋರುವ ಬೂಗೆ ಏರುಪೇರು ಉಳಿಯುತ್ತದೆ. ಎತ್ತರದ ಅಳತೆ 10 ಸೆಂಟಿಮೀಟರ್ ತಪ್ಪಿದರೂ ಸುಮಾರು 0.02 ಮಿಲಿಗ್ಯಾಲ್ ದೋಷ ನುಸುಳುತ್ತದೆ.

ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಹಿಡಿಯುವವರು ಕೀಲಿ, ಮೊಬೈಲ್, ಬೆಲ್ಟಿನ ಬಕಲ್ ಎಲ್ಲವನ್ನೂ ತೆಗೆದಿಟ್ಟು, ಮುಳ್ಳುತಂತಿ ಮತ್ತು ವಿದ್ಯುತ್ ತಂತಿಗಳಿಂದ ದೂರ ನಡೆಯಬೇಕು. ಇಲ್ಲಿನ ಒಟ್ಟು ಕಾಂತಕ್ಷೇತ್ರ 40,000 ನ್ಯಾನೋಟೆಸ್ಲಾಗಿಂತ ತುಸು ಹೆಚ್ಚು. ಅದು ದಿನದೊಳಗೇ ಹತ್ತಾರು ನ್ಯಾನೋಟೆಸ್ಲಾ ಏರಿಳಿಯುವುದರಿಂದ ಒಂದೇ ಜಾಗದಲ್ಲಿ ನಿಂತು ಅಳೆಯುವ ಎರಡನೆಯ ಉಪಕರಣ ಬೇಕೇ ಬೇಕು.

ನಕ್ಷೆ ಓದುವಾಗ ನಮ್ಮ ನಾಡಿನಲ್ಲಿ ವಿಶೇಷ ಎಚ್ಚರ ಅಗತ್ಯ. ಭೂಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ಗೆರೆಯಾದ ಕಾಂತ ಸಮಭಾಜಕವು ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುವುದರಿಂದ ಇಲ್ಲಿ ಭೂಕಾಂತಕ್ಷೇತ್ರ ನೆಲಕ್ಕೆ ಬಹುತೇಕ ಸಮಾಂತರವಾಗಿ ಉತ್ತರಕ್ಕೆ ಚಾಚಿರುತ್ತದೆ. ಹಾಗಾಗಿ ಕಾಂತೀಯ ಶಿಲೆಯ ನೆತ್ತಿಯ ಮೇಲೆ ಏರಿಕೆಯ ಬದಲು ಸಾಮಾನ್ಯವಾಗಿ ಇಳಿಕೆಯೇ ಕಾಣುತ್ತದೆ. ಉನ್ನತ ಅಕ್ಷಾಂಶದ ಪಾಠಗಳನ್ನು ಓದಿ ಬಂದವರು ಏರಿಕೆಯ ಶಿಖರವನ್ನೇ ಹುಡುಕಿ ಕೊರೆಯುವ ಕೊಳವೆಯನ್ನು ತಪ್ಪು ಜಾಗದಲ್ಲಿ ಇಳಿಸಿಬಿಡಬಹುದು. ಉತ್ತರ–ದಕ್ಷಿಣವಾಗಿ ಉದ್ದಕ್ಕೆ ಹರಡಿದ ಶಿಲೆ ತನ್ನ ಉದ್ದದ ದಿಕ್ಕಿನಲ್ಲೇ ಕಾಂತೀಕರಣಗೊಳ್ಳುವ ಕಾರಣ ಅದರ ಗುರುತು ಇನ್ನೂ ಮಸುಕು, ಮತ್ತು ನಮ್ಮ ಶಿಸ್ಟ್ ಪಟ್ಟಿಗಳು ಚಾಚಿರುವುದು ಹೆಚ್ಚುಕಡಿಮೆ ಆ ದಿಕ್ಕಿನಲ್ಲೇ. ದತ್ತಾಂಶವನ್ನು ಧ್ರುವಕ್ಕೆ ಪರಿವರ್ತಿಸುವ, ಅಂದರೆ ಕಾಂತ ಧ್ರುವದಲ್ಲಿ ಅಳೆದಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆ ಮಾರ್ಪಡಿಸುವ, ವಾಡಿಕೆಯ ಲೆಕ್ಕ ಇಂತಲ್ಲಿ ಸುಳ್ಳು ಗೆರೆಗಳನ್ನು ಹುಟ್ಟಿಸುತ್ತದೆ. ಸಮಭಾಜಕಕ್ಕೆ ಪರಿವರ್ತಿಸುವುದು ಅದಕ್ಕಿಂತ ಸುರಕ್ಷಿತ.

ಚಿನ್ನ ತಾನಾಗಿ ಈ ಎರಡರಲ್ಲೂ ಕಾಣುವುದಿಲ್ಲ. ಕಾಣುವುದು ಅದು ಇರಬಹುದಾದ ಮನೆ. ಪಟ್ಟೆಗಲ್ಲಿನ ಮ್ಯಾಗ್ನಟೈಟ್ ಗಂಧಕಯುಕ್ತ ದ್ರವಗಳಿಂದ ಪೈರೈಟ್ ಆಗಿ ಬದಲಾದ ಕಡೆ ಕಾಂತೀಯ ಪಟ್ಟೆ ತುಂಡಾಗುತ್ತದೆ. ಅಂಥ ತುಂಡು ಸೀಳುವಲಯದ (ಶಿಲೆಗಳು ಒಂದಕ್ಕೊಂದು ಉಜ್ಜಿ ಜರುಗಿದ ಪಟ್ಟಿಯ) ಮೇಲೇ ಬಿದ್ದಿದ್ದರೆ ಅಲ್ಲಿ ಮಣ್ಣಿನ ಮಾದರಿ ತೆಗೆಯುವುದು ಸಾರ್ಥಕ.

ಒಂದೇ ಗುರುತ್ವ ರೇಖೆಗೆ ಆಳದ ದೊಡ್ಡ ಶಿಲೆಯೂ ಮೇಲಿನ ಚಪ್ಪಟೆ ಶಿಲೆಯೂ ಸಮನಾಗಿ ಹೊಂದಬಲ್ಲವು. ಆದ್ದರಿಂದ ಗುರುತ್ವ, ಕಾಂತ ಎರಡೂ ದತ್ತಾಂಶಗಳಿಗೆ ಒಟ್ಟಿಗೆ ಹೊಂದುವ ನೆಲದಡಿಯ ಲೆಕ್ಕದ ಮಾದರಿಯನ್ನು ಮಾತ್ರ ಇಟ್ಟುಕೊಂಡು, ಕೊಳವೆ ಕೊರೆದ ಮೇಲೆ ಸಿಕ್ಕ ಕಲ್ಲಿನ ಸಾಂದ್ರತೆಯನ್ನು ಅಳೆದು, ಆ ಅಂಕಿಯಿಂದ ಮಾದರಿಯನ್ನು ಮತ್ತೆ ಲೆಕ್ಕ ಹಾಕಬೇಕು.